ಒಂದು ಅಂಕದ ಉತ್ತರ

ಆಗಸ್ಟ್ 22, 2024, ಗುರುವಾರ

ಇಂದು ಹೊಲದಲ್ಲಿ ಕ್ರಾಸಿಂಗ್, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಕೈಯಿಂದ ಹೂ ಕೂಡಿಸುವ ಕೆಲಸ, ಶುರುವಾಯಿತು. ಇನ್ನು ಎರಡು ತಿಂಗಳು ನಮ್ಮ ಮನೆಯಲ್ಲಿ ಹತ್ತಿ ಹೂವಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನಿವೃತ್ತನಾದ ಮೇಲೆ ಬೇವೂರಿನಲ್ಲಿ ಪೇಪರ್ ಓದಿಕೊಂಡು ನೆಮ್ಮದಿಯಾಗಿರುತ್ತೇನೆ ಅಂದುಕೊಂಡಿದ್ದೆ. ಸೊಸೆ ಬಿಡಬೇಕಲ್ಲ.

ಶಾಯಿಸ್ತಾ ಐದು ವರ್ಷ ಬೇರೆಯವರ ಬೀಜದ ಹೊಲದಲ್ಲಿ ದುಡಿದಳು. ಈ ವರ್ಷ ಬೀಜದ ಕಂಪನಿಯ ಏಜೆಂಟ್ ಅಮರಪ್ಪನನ್ನು ಒಪ್ಪಿಸಿ, ನಮ್ಮ ಮುಕ್ಕಾಲು ಎಕರೆಗೆ ತನ್ನ ಹೆಸರಿನಲ್ಲೇ ಕರಾರು ಮಾಡಿಕೊಂಡಿದ್ದಾಳೆ. ಮನೆಯಲ್ಲಿ ಮಾವ ಇದ್ದಾನೆ, ಗಂಡ ಇದ್ದಾನೆ, ಕಾಗದದ ಮೇಲೆ ಮಾತ್ರ ಸೊಸೆಯ ಹೆಸರು. ಕೇಳಿದ್ದಕ್ಕೆ, "ಅಬ್ಬಾ, ಮೊಗ್ಗು ಬಿಡಿಸಾಕಿ ನಾನಲ್ರಿ?" ಅಂದಳು. ಮಗ ಜಿಲಾನಿಯಂತೂ ಬೋರ್‌ವೆಲ್ ಲಾರಿಯ ಹಿಂದೆ ಊರೂರು ತಿರುಗುವವನು. ತಿಂಗಳಿಗೊಮ್ಮೆ ಬಂದು, ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋಗುತ್ತಾನೆ.

ಕೆಲಸವೇನೋ ಸೂಕ್ಷ್ಮದ್ದೇ. ಮಧ್ಯಾಹ್ನದ ಮೇಲೆ, ನಾಳೆ ಅರಳಲಿರುವ ಮೊಗ್ಗನ್ನು ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಗಂಡು ಕೇಸರವನ್ನೂ ಸುಲಿದು, ನಡುವಿನ ಹೆಣ್ಣು ಶಲಾಕೆಯನ್ನಷ್ಟೇ ಉಳಿಸಿ ಕೆಂಪು ಕಾಗದ ಮುಚ್ಚಬೇಕು; ಮೊಗ್ಗು ಬಿಡಿಸುವುದೆಂದರೆ ಇದೇ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ಸವರಿ ದಾರ ಕಟ್ಟಬೇಕು. ಒಂದೇ ಒಂದು ಕೇಸರ ಉಳಿದರೂ ಹೂವು ತನ್ನಷ್ಟಕ್ಕೆ ಬೀಜ ಕಟ್ಟಿಕೊಂಡು ಇಡೀ ಬೀಜ ಕಲಬೆರಕೆಯಾಗುತ್ತದೆ. ಶಾಯಿಸ್ತಾಳ ಗುಂಪಿನಲ್ಲಿ ಅವಳಲ್ಲದೆ ಎಂಟು ಹೆಂಗಸರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ತಪ್ಪು ಯಾರದೆಂದು ಗಿಡವೇ ಹೇಳಬೇಕು ಅನ್ನುವುದು ಅವಳ ಕಾನೂನು. ಅವಳದು ಹಸಿರು ದಾರ.

ಎಲ್ಲ ಸರಿ. ಆದರೆ ಹನ್ನೆರಡು ಗಂಟೆಗೆ ಮನೆಗೆ ಬಂದವಳು ಊಟವನ್ನೂ ಬಡಿಸದೆ ಮಲಗಿಬಿಟ್ಟಳು. ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳು. ಎಪ್ಪತ್ತು ಹತ್ತಿರವಾದ ನಾನು ಹಗಲು ಮಲಗುವುದಿಲ್ಲ. ನನ್ನ ಹೆಂಡತಿ ಅಬೇದಾಬಿ ಬಡಿಸಿದಳು. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು.

ಆಗಸ್ಟ್ 29, ಗುರುವಾರ

ಶಾಯಿಸ್ತಾ ಬೆಳಿಗ್ಗೆ ಆರಕ್ಕೆ ಎದ್ದು, ಎಮ್ಮೆ ಹಿಂಡಿ, ಹೊಲಕ್ಕೆ ನಡೆದುಕೊಂಡೇ ಹೋಗುತ್ತಾಳೆ. ಹನ್ನೊಂದರ ಹೊತ್ತಿಗೆ ಎಡಗಾಲು ಎಳೆಯುತ್ತಾಳೆ. ಇದೆಂಥ ಕಾಯಿಲೆ? ನಿಜವಾದ ಕಾಯಿಲೆಗೆ ಗಡಿಯಾರ ನೋಡಲು ಬರುತ್ತದೆಯೇ? ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಗಣಿತದ ಪಿರಿಯಡ್ಡಿಗೆ ಸರಿಯಾಗಿ ಹೊಟ್ಟೆನೋವು ಬರುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.

ಇಂದು ಚಹಾದ ಕಪ್ಪು ಅವಳ ಕೈಯಿಂದ ಜಾರಿ ನನ್ನ ಪೇಪರ್ ಮೇಲೆ ಬಿತ್ತು. ಬೈದೆ. ಅವಳು ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅದು ಬೇರೆ ಯಾರದೋ ಕೈ ಅನ್ನುವ ಹಾಗೆ.

ಸೆಪ್ಟೆಂಬರ್ 3, ಮಂಗಳವಾರ

ಈಗ ಕಣ್ಣಿನ ತಕರಾರು. ಬಲಗಣ್ಣಿಗೆ ಹೊಗೆ ಮುಸುಕಿದಂತೆ ಆಗುತ್ತದಂತೆ. ಕಾಲಿನ ಅಡಿಗೆ ಜೋಮು, ಮುಟ್ಟಿದರೆ ಗೊತ್ತೇ ಆಗುವುದಿಲ್ಲವಂತೆ. ಅಬೇದಾಬಿ ಬಂದು, "ಜಿಲಾನಿ ಅಬ್ಬಾ, ಹುಡುಗಿ ಸುಳ್ಳ ಹೇಳಾಕಿ ಅಲ್ಲ. ವಾಯು ಹಿಡದೈತಿ ಅನಸ್ತದ. ದವಾಖಾನಿಗಿ ತೋರಸೂಣ" ಅಂದಳು.

ವಾಯು ಆದರೆ ದವಾಖಾನೆ ಯಾಕೆ? ಬಿಸಿ ತಾಗಿದರೆ ರಕ್ತ ಹರಿಯುತ್ತದೆ, ರಕ್ತ ಹರಿದರೆ ಜೋಮು ಬಿಡುತ್ತದೆ. ಇದಕ್ಕೆ ಪದವಿ ಬೇಕಿಲ್ಲ. ಗೋಡೆಯ ಇಟ್ಟಂಗಿ ಕಾಸಿ ಬಟ್ಟೆಯಲ್ಲಿ ಸುತ್ತಿ ಸಂಜೆ ಸಂಜೆ ಕಾವು ಕೊಡಬೇಕು, ಸ್ನಾನಕ್ಕೆ ಚೆನ್ನಾಗಿ ಕಾದ ನೀರು ಕೊಡಬೇಕು ಎಂದು ನಾನೇ ಕ್ರಮ ಹಾಕಿಕೊಟ್ಟೆ. ಇಟ್ಟಂಗಿ ಎಷ್ಟು ಬಿಸಿಯಿರಬೇಕೆಂದೂ ತೋರಿಸಿದೆ.

ಸೆಪ್ಟೆಂಬರ್ 5, ಗುರುವಾರ

ಶಿಕ್ಷಕರ ದಿನಾಚರಣೆ. ಹಳೆಯ ವಿದ್ಯಾರ್ಥಿಗಳು ಯಲಬುರ್ಗಾಕ್ಕೆ ಕರೆದು ಶಾಲು ಹೊದಿಸಿದರು. ಒಬ್ಬ ಮೈಕಿನಲ್ಲಿ, "ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ ಅಂತ ಮಕ್ಬುಲಸಾಬ ಸರ್ ಇಡೀ ಕ್ಲಾಸಿನ ಬಾಯಾಗ ನೂರು ಸಲ ಹೇಳಿಸಿದ್ರಿ. ಇವತ್ತಿಗೂ ನಿದ್ದಿಗಣ್ಣಾಗ ಎಬ್ಬಿಸಿದ್ರೂ ಹೇಳ್ತೀನಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಒಂದು ಅಂಕದ ಪ್ರಶ್ನೆ. ನನ್ನ ಸರ್ವಿಸ್‌ನಲ್ಲಿ ಆ ಅಂಕವನ್ನು ಒಬ್ಬನೂ ಕಳೆದುಕೊಂಡಿಲ್ಲ.

ಮನೆಗೆ ಬಂದರೆ ಗಲಾಟೆ. ಶಾಯಿಸ್ತಾ ಸ್ನಾನ ಮಾಡಿ ಹೊರಗೆ ಬರುವಾಗ ಬಲಗಣ್ಣು ಪೂರ್ತಿ ಕತ್ತಲಾಗಿ, ಕಾಲು ಕುಸಿದು, ಬಚ್ಚಲ ಬಾಗಿಲಲ್ಲೇ ಕೂತುಬಿಟ್ಟಿದ್ದಳು. ಅಬೇದಾಬಿ ಅಳುತ್ತಿದ್ದಳು. ಒಂದು ತಾಸು ಫ್ಯಾನಿನ ಕೆಳಗೆ ಮಲಗಿದ ಮೇಲೆ ದೃಷ್ಟಿ ಮರಳಿತು. ನೋಡಿ, ಕಾವು ಕೆಲಸ ಮಾಡುತ್ತಿದೆ, ಒಳಗಿನ ವಾಯು ಹೊರಬೀಳುತ್ತಿದೆ ಅಂದೆ. ಶಾಲು ಇನ್ನೂ ಹೆಗಲ ಮೇಲೇ ಇತ್ತು.

ಸೆಪ್ಟೆಂಬರ್ 8, ಭಾನುವಾರ

ಅವಳ ಎಡಗಾಲಿನ ಅಡಿಯಲ್ಲಿ ಅಂಗೈಯಗಲ ಬೊಬ್ಬೆ. ಇಟ್ಟಂಗಿ ಸುಟ್ಟಿದೆ. ಸುಡುವಾಗ ಅವಳಿಗೆ ಗೊತ್ತೇ ಆಗಿಲ್ಲ. ಚಪ್ಪಲಿ ಒದ್ದೆಯಾಯಿತೇಕೆ ಎಂದು ನೋಡಿಕೊಂಡಾಗ ತಿಳಿದದ್ದು.

ಇಟ್ಟಂಗಿಯ ಬಿಸಿಯನ್ನು ತೋರಿಸಿಕೊಟ್ಟವನು ನಾನು.

ನಾಡಿದ್ದು ಹುಬ್ಬಳ್ಳಿಗೆ ಹೋಗುತ್ತೇವೆ.

ಸೆಪ್ಟೆಂಬರ್ 10, ಮಂಗಳವಾರ, ಹುಬ್ಬಳ್ಳಿ

ನರರೋಗದ ಡಾಕ್ಟರ್ ಹೆಸರು ಐಶ್ವರ್ಯ. ನನ್ನ ವಿದ್ಯಾರ್ಥಿನಿಯರ ವಯಸ್ಸಿನವರು. ತಲೆಯದೂ ಬೆನ್ನಿನದೂ ಸ್ಕ್ಯಾನ್ ಮಾಡಿಸಿ, ಬೆನ್ನುಹುರಿಯ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಕಾಲಿನ ಬೊಬ್ಬೆ ನೋಡಿ ಇದೇನೆಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಶಾಯಿಸ್ತಾ, "ಇಟ್ಟಂಗಿ ನಾನ ಸರಿಯಾಗಿ ಸುತ್ತಿಕೊಂಡಿದ್ದಿಲ್ರಿ" ಅಂದಳು.

ನಾನು ಸುಮ್ಮನಿದ್ದೆ. ಹುಡುಗರು ಒಬ್ಬರ ತಪ್ಪು ಒಬ್ಬರು ಹೊತ್ತುಕೊಂಡರೆ ಇಬ್ಬರಿಗೂ ಏಟು ಕೊಡುತ್ತಿದ್ದೆ.

ಸೆಪ್ಟೆಂಬರ್ 13, ಶುಕ್ರವಾರ, ಹುಬ್ಬಳ್ಳಿ

ರೋಗಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ದೇಹವನ್ನು ಕಾಯುವ ಪಡೆಯೇ ದಾರಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊರಕವಚವನ್ನು ಕಿತ್ತುಹಾಕುತ್ತದೆ. ಉರಿಯೂತ ಇಳಿಸಲು ಐದು ದಿನ ಸಲಾಯಿನ್‌ನಲ್ಲಿ ಔಷಧ ಕೊಡುತ್ತಿದ್ದಾರೆ. ಮುಂದೆ ಆರು ತಿಂಗಳಿಗೊಮ್ಮೆ ಇನ್ನೊಂದು ಔಷಧ. ಅದರಿಂದ ಹೊಸ ದಾಳಿಗಳು ಕಡಿಮೆಯಾಗುತ್ತವಂತೆ, ಆದರೆ ರೋಗ ಬೇರುಸಹಿತ ಹೋಗುವುದಿಲ್ಲ.

ಇಂದು ಡಾಕ್ಟರ್ ರೌಂಡ್ಸ್ ಮುಗಿಸಿ, ಶಾಯಿಸ್ತಾಳ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ನಾನು ವಿಜ್ಞಾನದ ಮಾಸ್ತರನೆಂದು ಯಾರೋ ಹೇಳಿರಬೇಕು.

"ಸರ್, ನರ ಅಂದ್ರ ಏನಂತ ಕಲಿಸಿದ್ರಿ?"

"ಸಂದೇಶ ಸಾಗಿಸೋ ತಂತಿ. ಮ್ಯಾಲ ಮಯಲಿನ್ ಕವಚ."

"ತಂತಿ ಅಂದಕೂಡ್ಲೆ ಅರ್ಧ ತಪ್ಪಾತ್ರಿ. ತಂತಿಗೆ ಹಸಿವಿಲ್ಲ. ನರಕ್ಕ ಹಸಿವದ."

ಮೂವತ್ತನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದ ಚಿತ್ರ ಅರ್ಧ ತಪ್ಪು. ಸಿಟ್ಟು ಬರಬೇಕಿತ್ತು. ನಾನು ಮುಂದೆ ಹೇಳಿ ಅಂದೆ.

ಅವರು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ನರದಲ್ಲಿ ಪ್ರತಿ ಸಂದೇಶ ಹೋಗುವಾಗಲೂ ಸೋಡಿಯಂ ಒಳಗೆ ಬರುತ್ತದೆ. ಅದನ್ನು ಹೊರಗೆ ಹಾಕಲು ನರದ ಗೋಡೆಯಲ್ಲಿ ಸಣ್ಣ ಸಣ್ಣ ಪಂಪುಗಳಿವೆ, ಅವು ನಡೆಯಲು ಶಕ್ತಿ ಬೇಕು. ಕವಚ ಗಟ್ಟಿಯಿದ್ದಾಗ ಸೋಡಿಯಂ ಬರುವುದು ಅಲ್ಲಲ್ಲಿ ಬಿಟ್ಟ ಸಂದಿಗಳಲ್ಲಿ ಮಾತ್ರ, ಆದ್ದರಿಂದ ಪಂಪಿಗೆ ಕೆಲಸ ಕಡಿಮೆ. ಕವಚ ಹೋದರೆ ಬರಿದಾದ ಉದ್ದಕ್ಕೂ ಬರಬಹುದು. ಅದೇ ಸಂದೇಶ ಕಳಿಸಲು ಮೊದಲಿಗಿಂತ ಎಷ್ಟೋ ಹೆಚ್ಚು ಶಕ್ತಿ ಬೇಕಾಗುತ್ತದೆ. ಶಕ್ತಿ ಕೊಡಬೇಕಾದವು ಮೈಟೋಕಾಂಡ್ರಿಯಾಗಳು, ಆದರೆ ಅದೇ ಹೊತ್ತಿಗೆ ಉರಿಯೂತದ ವಿಷ ಅವುಗಳಿಗೂ ತಗುಲಿರುತ್ತದೆ. ಬೇಕಾದದ್ದು ಹೆಚ್ಚು, ಸಿಗುವುದು ಕಡಿಮೆ. ಪಂಪು ಸೋತರೆ ಸೋಡಿಯಂ ಒಳಗೇ ತುಂಬುತ್ತದೆ. ಅದರ ಬೆನ್ನಿಗೇ ಕ್ಯಾಲ್ಸಿಯಂ ನುಗ್ಗುತ್ತದೆ. ಆಮೇಲೆ ನರದ ಎಳೆ ಒಳಗಿನಿಂದಲೇ ಕರಗತೊಡಗುತ್ತದೆ. ಕವಚ ಮತ್ತೆ ಬೆಳೆಯಬಹುದು, ಸತ್ತ ಎಳೆ ಬೆಳೆಯುವುದಿಲ್ಲ.

"ಹಂಗಾದ್ರ ಬೆಳಗ್ಗೆ ಛಲೋ ಇದ್ದು ಮಧ್ಯಾಹ್ನ ಬೀಳೋದು?" ಎಂದು ಕೇಳಿದೆ. ಕೇಳುವಾಗ ಶಾಯಿಸ್ತಾಳ ಕಡೆ ನೋಡಲಿಲ್ಲ.

"ಆ ದಣಿವು ನಿಜರಿ. ಯಾಕ ಬರ್ತದ ಅನ್ನೋದು ಪೂರ್ತಿ ಗೊತ್ತಿಲ್ಲ, ಆದ್ರ ಈ ಶಕ್ತಿಯ ಕೊರತಿನೂ ಒಂದು ಕಾರಣ ಇರಬಹುದು ಅಂತಾರ. ಬಿಸಿದು ಬ್ಯಾರೆ. ಮೈ ಕಾದಾಗ, ಕವಚ ಇಲ್ಲದ ನರದಾಗ ಸಂದೇಶ ನಿಂತುಬಿಡ್ತದ. ತಂಪಾದ್ರ ಮತ್ತ ಹೋಗ್ತದ. ಕಾವು ಕೊಟ್ಟಿದ್ದಕ್ಕ ರೋಗ ಏನೂ ಹೆಚ್ಚಾಗಿಲ್ರಿ, ಕಾಲು ಮಾತ್ರ ಸುಟ್ಟದ."

"ಈ ಶಕ್ತಿ ಹೆಚ್ಚು ಮಾಡಾಕ ಔಷಧ?"

"ಹುಡುಕಾಕ ಹತ್ಯಾರ. ಖಾತ್ರಿ ಅನ್ನೋವಂಥದ್ದು ಇನ್ನೂ ಇಲ್ಲ."

ಶಾಯಿಸ್ತಾ ಎದ್ದು ಕೂತಳು. "ನಮ್ಮ ಬೋರಿನ ಮೋಟಾರ್ ಇದ್ದಂಗರಿ, ಮೇಡಮ್ಮರ. ಪೈಪ್ ಒಡದು ನೀರು ಸೋರಿದ್ರ ಮೋಟಾರ್ ಹೆಚ್ಚು ಹೊತ್ತು ಓಡಬೇಕು. ಅದ ಹೊತ್ತಿನಾಗ ಕರೆಂಟೂ ಕಡಿಮಿ ಬಂದ್ರ ಗುಂಯ್ ಅಂತೈತಿ. ಹಂಗ ಬಿಟ್ರ ಒಳಗಿನ ಸುತ್ತು ಸುಟ್ಟು ಹೋಗ್ತೈತಿ. ಹೌದಲ್ರಿ?"

ಡಾಕ್ಟರ್ ಸ್ಟೂಲನ್ನು ಅವಳ ಕಡೆ ತಿರುಗಿಸಿಕೊಂಡರು. "ನಾನು ಇನ್ನ ಮ್ಯಾಲ ಎಲ್ಲಾರಿಗೂ ಹಿಂಗ ಹೇಳ್ತೀನವಾ" ಎಂದರು.

ನಾನು ನೂರು ಸಲ ಬಾಯಿಪಾಠ ಮಾಡಿಸಿದ ವಾಕ್ಯವನ್ನು ಎಂಟನೆಯ ಇಯತ್ತೆಗೇ ಸಾಲಿ ಬಿಟ್ಟವಳು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡಳು. ಸಂಕಟವಾಯಿತು, ಹೆಮ್ಮೆಯೂ ಆಯಿತು. ಇವೆರಡು ಒಟ್ಟಿಗೆ ಆಗುತ್ತವೆಂದು ನನಗೆ ತಿಳಿದಿರಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ಊರಿಗೆ ಬಂದು ಮೂರು ದಿನ. ಕಣ್ಣಿನ ಮುಸುಕು ತಿಳಿಯಾಗುತ್ತಿದೆ. ಕಾಲು ಪರವಾಗಿಲ್ಲ. ಎಡಗೈಯ ಎರಡು ಬೆರಳು ಮಾತ್ರ ಇನ್ನೂ ಮರಗಟ್ಟಿವೆ.

ನಾವಿಲ್ಲದಾಗ ಹೊಲ ನೋಡಿಕೊಂಡವಳು ಭೀಮಕ್ಕ. ಗುಂಪಿನಲ್ಲಿ ಹಿರಿಯಳು, ಮಾತು ಸ್ವಲ್ಪ ಜೋರು. ಮನೆಗೆ ಬಂದು, "ಮಾಸ್ತರ್ರ, ಆಕಿ ಇಲ್ಲದ ಹೊಲ ಹೊಲ ಅಲ್ಲರಿ. ಎಲ್ಲಾರೂ ಬಾಯಿ ಬಡಕೋತ ಕುಂತ್ರು. ನಂದೂ ಅದ ಕತಿ ಅನ್ರಿ" ಎಂದಳು.

ಬೆಳಿಗ್ಗೆ ಚಹಾ ಬೇಕಿತ್ತು. ಅಬೇದಾಬಿ ಸೊಸೆಯ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು. ಯಾರೂ ಇಲ್ಲವಲ್ಲ ಎಂದು ನಾನೇ ಇಟ್ಟೆ. ಉಕ್ಕಿತು.

ಸೆಪ್ಟೆಂಬರ್ 20, ಶುಕ್ರವಾರ

ಇಂದಿನದನ್ನು ವಿವರವಾಗಿ ಬರೆಯಬೇಕು.

ಬೆಳಿಗ್ಗೆ ಏಳಕ್ಕೆ ಶಾಯಿಸ್ತಾ ನನ್ನ ಬಳಿ ಬಂದು, "ಅಬ್ಬಾ, ನನ್ನ ಜೋಡಿ ಹೊಲಕ್ಕ ಬರ್ರಿ" ಅಂದಳು. ದಾರಿಯಲ್ಲಿ ಏನೂ ಹೇಳಲಿಲ್ಲ. ಹೊಲದಲ್ಲಿ ತನ್ನ ಸಾಲಿನ ಮುಂದೆ ನಿಂತು, ಹಸಿರು ದಾರ ಕಟ್ಟಿದ ಒಂದು ಎಳೆ ಕಾಯಿಯನ್ನು ಹಿಡಿದಳು. "ಆಗಸ್ಟ್ ಮೂವತ್ತರಿಂದ ಹುಬ್ಬಳ್ಳಿಗಿ ಹೋಗೋಮಟ ನಾ ಬಿಡಿಸಿದ ಮೊಗ್ಗು ಇವು. ಕಣ್ಣಿಗಿ ಹೊಗಿ ಇತ್ತು, ಬೆರಳಿಗಿ ಗೊತ್ತಾಗ್ತಿದ್ದಿಲ್ಲ. ಕೇಸರ ಪೂರಾ ತೆಗದೀನೋ ಇಲ್ಲೋ ನನಗ ಖಾತ್ರಿ ಇಲ್ರಿ."

ನಾನು ಸುತ್ತಲೂ ನೋಡಿದೆ. ಹೆಂಗಸರು ದೂರದಲ್ಲಿ ಗಂಡು ಹೂ ಕೀಳುತ್ತಿದ್ದರು. ದನಿ ತಗ್ಗಿಸಿ ಹೇಳಿದೆ: ಎಲ್ಲವೂ ಕೆಟ್ಟಿರುವುದಿಲ್ಲ. ಕಾಯಿ ಎಲ್ಲ ಒಂದೇ ತರಹ ಕಾಣುತ್ತವೆ. ಕಂಪನಿಯವರಿಗೆ ಬೀಜ ಬಿತ್ತಿ ನೋಡಿದ ಮೇಲಷ್ಟೇ ಗೊತ್ತಾಗುವುದು, ಅದೂ ಗೊತ್ತಾದರೆ. ಇರಲಿ ಬಿಡು. ಯಾರಿಗೂ ತಿಳಿಯುವುದಿಲ್ಲ.

ಹೌದು, ಇದನ್ನು ಹೇಳಿದವನು ನಾನೇ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರಪತ್ರಿಕೆಯ ಕಡೆ ಕತ್ತು ತಿರುಗಿಸಿದವರನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದ ಮಕ್ಬುಲಸಾಬ.

ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. "ಭೀಮಕ್ಕನ ದಾರದಾಗ ಒಂದು ಕೇಸರ ಸಿಕ್ಕಿದ್ರ ಕಾಯಿ ಕಿತ್ತು ಆಕಿ ಕೈಯಾಗ ಇಡ್ತಿದ್ದೆ, ಅಬ್ಬಾ. ಎಲ್ಲಾರ ಮುಂದ ಇಡ್ತಿದ್ದೆ" ಅಂದಳು. ಆಮೇಲೆ ಆ ಕಾಯಿ ಕಿತ್ತಳು. ಮುಂದಿನದನ್ನೂ ಕಿತ್ತಳು. ಒಂದೊಂದೇ ಗಿಡ ನೋಡುತ್ತ, ಹಸಿರು ದಾರವಿದ್ದ ಕಾಯಿಗಳಲ್ಲಿ ಮೊದಲ ವಾರದ ಬಲಿತವನ್ನು ಬಿಟ್ಟು, ಎಳೆಯವನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದಳು. ಅನುಮಾನ ಬಂದ ಕಡೆ ಬಲಿತದ್ದನ್ನೂ ಬಿಡಲಿಲ್ಲ. ಎರಡು ಬುಟ್ಟಿ ತುಂಬಿದವು. ಅಷ್ಟು ಹೊತ್ತಿಗೆ ಎಂಟೂ ಹೆಂಗಸರು ಕೆಲಸ ನಿಲ್ಲಿಸಿ ಸಾಲಿನ ತುದಿಗೆ ಬಂದು ನಿಂತಿದ್ದರು. ಭೀಮಕ್ಕ ಮಾತ್ರ ಹೋಗಿ, ಅವಳ ಕೈಯಿಂದ ಬುಟ್ಟಿ ಇಸಿದುಕೊಂಡು ಬದುವಿಗೆ ಸುರಿದು ಬಂದಳು.

ಹತ್ತೂವರೆಗೆ ಅಮರಪ್ಪ ಬೈಕಿನಲ್ಲಿ ಬಂದ. ಸುದ್ದಿ ಕೇಳಿ ತಲೆ ಕೆರೆದುಕೊಂಡ. "ನೀ ಮಾಡಿದ್ದು ಛಲೋ ಐತಿ ತಂಗಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಕಣ್ಣು ಕೈ ನಂಬಲಾರದಾಕಿಗಿ ಮುಂದಿನ ವರ್ಷ ಪ್ಲಾಟ್ ಹೆಂಗ ಕೊಡ್ಲಿ? ಈ ಸಲದ ಕ್ರಾಸಿಂಗ್ ಮುಗಿಯೋಮಟ ನೋಡ್ತೀನಿ" ಎಂದು ಹೋದ.

ಐದು ವರ್ಷ ಕಾದು ಪಡೆದ ಹೊಲ. ಅವಳು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ. ನನ್ನ ಜೀವಮಾನದಲ್ಲಿ ಇಷ್ಟು ದೊಡ್ಡ ಮನುಷ್ಯರನ್ನು ನಾನು ಹೆಚ್ಚು ನೋಡಿಲ್ಲ. ಅಂಥವಳು ನನ್ನ ಮನೆಯಲ್ಲಿ ಆರು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಳು.

ಸೆಪ್ಟೆಂಬರ್ 21, ಶನಿವಾರ

ಇಟ್ಟಂಗಿಯ ವಿಷಯ ಅವಳಿಗೆ ಹೇಳಿದೆ. ತಪ್ಪು ನನ್ನದು ಅಂದೆ.

"ಗೊತ್ತೈತಿ ಬಿಡ್ರಿ ಅಬ್ಬಾ," ಅಂದಳು. "ಮಜ್ಜಿಗಿ ಕುಡೀರಿ."

ಸೆಪ್ಟೆಂಬರ್ 27, ಶುಕ್ರವಾರ

ಹೊಲದ ಹೊತ್ತುಗಳನ್ನೆಲ್ಲ ಅವಳು ಬದಲಾಯಿಸಿದ್ದಾಳೆ. ಬೆಳಗಿನ ಕೆಲಸ ಏಳೂವರೆಗೇ ಶುರು, ಹತ್ತಕ್ಕೆ ಅವಳು ಮನೆಗೆ. ಮೊಗ್ಗು ಬಿಡಿಸುವುದು ನಾಲ್ಕೂವರೆಯ ಮೇಲೆ. ಅವಳು ಬೇವಿನ ನೆರಳಲ್ಲಿ ಸ್ಟೂಲಿನ ಮೇಲೆ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂರುತ್ತಾಳೆ. ಮುಸುಕು ಬಿಟ್ಟ ಬಲಗಣ್ಣೂ ಎಡಗಣ್ಣೂ ಸೇರಿ ಎಲ್ಲರ ಮೊಗ್ಗನ್ನೂ ಪರೀಕ್ಷಿಸುತ್ತವೆ. ನಡುನಡುವೆ ಸಾಲಿನುದ್ದ ನಡೆದು ಬರುತ್ತಾಳೆ. ಪೂರ್ತಿ ಮಲಗುವುದೂ ತಪ್ಪು, ಸ್ವಲ್ಪ ನಡೆಯಲೇಬೇಕು ಎಂದು ಡಾಕ್ಟರ್ ಹೇಳಿದ್ದಾರೆ.

ಬಿಡಿಸುವ ಕೈ ಒಂದು ಕಡಿಮೆಯಾಯಿತಲ್ಲ. ಸಂಜೆ ನನಗೇನೂ ಕೆಲಸವಿರಲಿಲ್ಲ, ಕೂತೆ. ಇಪ್ಪತ್ತು ಮೊಗ್ಗು ಬಿಡಿಸಿದೆ. ಅವಳು ಒಂದೊಂದನ್ನೇ ನೋಡಿ ಹದಿನೇಳನ್ನು ಕಿತ್ತು ನನ್ನ ಕೈಯಲ್ಲಿಟ್ಟಳು. ಭೀಮಕ್ಕ, "ಮಾಸ್ತರ್ರ ನಪಾಸಾದ್ರು" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದಳು. ಹೆಂಗಸರು ನಗುವುದು ಐದು ನಿಮಿಷ ನಿಲ್ಲಲಿಲ್ಲ. ಉಗುರು ಬೆಳೆಸಬೇಕು.

ಅಕ್ಟೋಬರ್ 9, ಬುಧವಾರ

ನಿನ್ನೆ ಎರಡನೇ ಸಲ ಹುಬ್ಬಳ್ಳಿಗೆ ಹೋಗಿದ್ದೆವು. ಸರದಿಯಲ್ಲಿ ಕೂತಿದ್ದಾಗ ಡಾಕ್ಟರಿಗೆ ಏನೇನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಶಾಯಿಸ್ತಾ ನೋಡಿ ನಕ್ಕಳು. ಹತ್ತನೆಯ ಇಯತ್ತೆಯ ಹುಡುಗನ ಹಾಗೆ ಕಂಡೆನೋ ಏನೋ.

ಡಾಕ್ಟರ್ ಹೇಳಿದ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ನರದ ಒಂದು ಎಳೆ ಬೆನ್ನಿನಿಂದ ಕಾಲಬೆರಳಿನ ಸಮೀಪದವರೆಗೂ ಇರುತ್ತದೆ, ಹತ್ತಿರ ಹತ್ತಿರ ಒಂದು ಮೀಟರ್. ಅಷ್ಟುದ್ದದ ಎಳೆಯಲ್ಲಿ ಮೈಟೋಕಾಂಡ್ರಿಯಾಗಳು ಒಂದೇ ಕಡೆ ಕೂತಿರುವುದಿಲ್ಲ. ಅವು ನಡೆಯುತ್ತವೆ. ಎಲ್ಲಿ ಶಕ್ತಿ ಬೇಕೋ ಅಲ್ಲಿಗೆ ಹೋಗುತ್ತವೆ. ಕವಚ ಕಳೆದುಕೊಂಡ ಜಾಗಕ್ಕೆ ಜೀವಕೋಶವು ಮತ್ತಷ್ಟು ಶಕ್ತಿಕೇಂದ್ರಗಳನ್ನು ಕಳಿಸಿಕೊಡುತ್ತದಂತೆ. ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ಸಾಕಾಗುವುದಿಲ್ಲ, ಹೊತ್ತಿಗೆ ಸರಿಯಾಗಿ ತಲುಪುವುದೂ ಇಲ್ಲ, ಆದರೂ ಕಳಿಸುತ್ತದೆ.

ನಾನು ಇದನ್ನು ಒಂದು ಅಂಕಕ್ಕೆ ಕಲಿಸಿದೆ. ಬರಿದಾದ ಜಾಗಕ್ಕೆ ನೆರವು ನಡೆದುಕೊಂಡು ಹೋಗುತ್ತದೆ ಎಂಬುದನ್ನು ಯಾವ ಹುಡುಗನಿಗೂ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ದಿನ ಪಾಠ ನಿಲ್ಲಿಸಿ ಮಕ್ಕಳನ್ನೆಲ್ಲ ಸುಮ್ಮನೆ ಕೂರಿಸುತ್ತಿದ್ದೆ, ಅವರವರ ಕಾಲು ಅವರವರು ನೋಡಿಕೊಳ್ಳಲಿ ಎಂದು.

ಇಂದು ನನ್ನ ಮೊಗ್ಗಿನಲ್ಲಿ ಇಪ್ಪತ್ತಕ್ಕೆ ಒಂಬತ್ತು ಕಿತ್ತಳು.

ಅಕ್ಟೋಬರ್ 16, ಬುಧವಾರ

ಕೆಟ್ಟ ದಿನ. ಬೆಳಿಗ್ಗೆಯೇ ಅವಳಿಗೆ ಏಳಲಾಗಲಿಲ್ಲ. ಹೊಸ ದಾಳಿಯಲ್ಲ, ನೆಗಡಿ ಜ್ವರ, ಜ್ವರ ಇಳಿದರೆ ಸರಿಹೋಗುತ್ತದೆ ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ಮಧ್ಯಾಹ್ನ ಅವಳು ಅತ್ತಳು. "ಅಮ್ಮಿ, ಹಿಂಗ ದಿನಾ ಕೈಕಾಲು ಮುಟ್ಟಿ ಮುಟ್ಟಿ ನೋಡ್ಕೋತ ಇರೂದು ಸಾಕಾತು" ಎಂದು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು.

ಪಕ್ಕದ ಮನೆಯವಳು ಬಂದು, ಈ ಹುಡುಗಿ ಬೆಳಿಗ್ಗೆ ಚೆನ್ನಾಗಿರುತ್ತಾಳಲ್ಲ, ಇದೆಂಥ ರೋಗ ಎಂದು ಕೇಳಿದಳು. ಅವಳಿಗೆ ಸೋಡಿಯಂ ಪಂಪಿನಿಂದ ಹಿಡಿದು ಮುಕ್ಕಾಲು ಗಂಟೆ ವಿವರಿಸಿದೆ. ನಡುವೆ ಎದ್ದು ಹೋಗಲು ನೋಡಿದಳು, ಬಿಡಲಿಲ್ಲ. ಎಂಥ ಅಜ್ಞಾನದ ಮಾತುಗಳನ್ನು ಜನ ಆಡುತ್ತಾರೆ.

ಅಕ್ಟೋಬರ್ 22, ಮಂಗಳವಾರ

ಜ್ವರ ಹೋಗಿದೆ, ಕಾಲು ಮರಳಿದೆ. ಅಮರಪ್ಪ ಮನೆಗೆ ಬಂದು ನನ್ನನ್ನು ಹೊರಗೆ ಕರೆದ. "ಸರ್, ಒಂದು ದಾರಿ ಐತ್ರಿ. ಮುಂದಿನ ವರ್ಷದ ಕರಾರು ನಿಮ್ಮ ಹೆಸರಿಗಿ ಮಾಡೂಣ. ಆಕಿ ಮನ್ಯಾಗ ಆರಾಮ ಇರ್ಲಿ" ಎಂದ.

"ನನ್ನ ಮೊಗ್ಗಿನಾಗ ಇಪ್ಪತ್ತಕ್ಕ ಐದು ನಪಾಸು" ಅಂದೆ. "ಹೊಲ ಬೇಕಂದ್ರ ಆಕಿನ್ನ ಕೇಳು."

ಅವನು ಬೈಕ್ ತಿರುಗಿಸಿಕೊಂಡು ಹೋದ. ನಾಳೆ ಸಂತೆ. ಅಬೇದಾಬಿಗೆ ಮಂಡಿನೋವು, ನಾನೇ ಹೋಗಬೇಕು. ಹಸಿಮೆಣಸಿನಕಾಯಿ, ಸೌತೆಕಾಯಿ, ಮೆಂತ್ಯ ಸೊಪ್ಪು.

ಅಕ್ಟೋಬರ್ 29, ಮಂಗಳವಾರ

ನಾಳೆ ಕ್ರಾಸಿಂಗ್‌ಗೆ ಕೊನೆಯ ದಿನ. ಇಂದು ಸಂಜೆ ಐದಕ್ಕೆ ಅಮರಪ್ಪ ಬಂದ. ಜೇಬಿನಲ್ಲಿ ಭೂತಕನ್ನಡಿ. ಬೇವಿನ ಕೆಳಗೆ ನಿಂತು, "ತಂಗಿ, ಒಂದು ಸಾಲು ನೀನ ಬಿಡಿಸು. ನಾ ನೋಡ್ತೀನಿ" ಎಂದ. ಒಂದು ಸಾಲೆಂದರೆ ನಲವತ್ತು ಮೊಗ್ಗಿಗೆ ಕಡಿಮೆಯಿಲ್ಲ. ನನಗೆ ರೇಗಿತು. ಭೀಮಕ್ಕ ಏನೋ ಹೇಳಲು ಬಾಯಿ ತೆರೆದಳು. ಶಾಯಿಸ್ತಾ ಕೈಯೆತ್ತಿ ಸುಮ್ಮನಿರಿಸಿ ಎದ್ದಳು.

ಎರಡು ತಿಂಗಳ ಹಿಂದೆ ಬಿಡಿಸುತ್ತಿದ್ದ ವೇಗ ಈಗ ಇಲ್ಲ. ಮರಗಟ್ಟಿದ ಎರಡು ಬೆರಳನ್ನು ಮಡಿಸಿಟ್ಟು, ಉಳಿದವುಗಳಲ್ಲಿ ಮೊಗ್ಗು ಹಿಡಿದು, ಮುಖದ ಹತ್ತಿರ ತಂದು, ಉಗುರು ಹಾಕಿ ಒಂದೇ ಸುತ್ತಿಗೆ ಸುಲಿಯುತ್ತಿದ್ದಳು. ಸುಲಿದ ಮೇಲೆ ತಿರುಗಿಸಿ ಇನ್ನೊಮ್ಮೆ ನೋಡುತ್ತಿದ್ದಳು. ಕೆಂಪು ಕಾಗದ ಮುಚ್ಚಿ ಮುಂದಿನದಕ್ಕೆ ಹೋಗುತ್ತಿದ್ದಳು. ನಾನು ಎಣಿಸುತ್ತಿದ್ದ ಹಾಗೆ ಭೀಮಕ್ಕನೂ ಎಣಿಸುತ್ತಿದ್ದಳೆಂದು ಅವಳ ತುಟಿ ನೋಡಿ ಗೊತ್ತಾಯಿತು. ಒಂಬತ್ತು. ಹತ್ತು.

ಹತ್ತಕ್ಕೆ ಶಾಯಿಸ್ತಾ ನಿಂತಳು.

"ಇಷ್ಟ ಏನವಾ? ದಣಿವಾತೇನು?" ಎಂದ ಅಮರಪ್ಪ.

"ಇಲ್ರಿ. ಕೈಯಾಗ ಇನ್ನೂ ಶಕ್ತಿ ಐತಿ," ಅಂದಳು. "ಅದು ನಾಳಿಗಿ ಬೇಕು. ನಾಳೆ ಮುಂಜಾನಿ ಎಂಟು ಮಂದಿ ದಾರ ನೋಡಬೇಕ್ರಿ ನಾನು."

ಅಮರಪ್ಪ ಹತ್ತೂ ಕಾಗದ ಎತ್ತಿ, ಭೂತಕನ್ನಡಿಯಲ್ಲಿ ಒಂದೊಂದನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಭೂತಕನ್ನಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತ, "ಮುಂದಿನ ವರ್ಷ ಎಷ್ಟು ಸಾಲು ಹಾಕ್ತಿ?" ಎಂದು ಕೇಳಿದ.

"ಅರ್ಧ ಹಾಕ್ತೀನಿ. ಆದ್ರ ನೋಡೂದು ಪೂರಾ ನಾನ."

ಅವನು ಆಗಲಿ ಎಂದು ಬೈಕ್ ಹತ್ತಿದ. ಹೆಂಗಸರು ತಮ್ಮ ತಮ್ಮ ಸಾಲಿಗೆ ಹೋದರು. ಶಾಯಿಸ್ತಾ ಅಲ್ಲೇ ಗಿಡದ ಪಕ್ಕ ನಿಂತಿದ್ದಳು. ಹನ್ನೊಂದನೆಯ ಮೊಗ್ಗು ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ, ನಾಳೆ ಅರಳಲು ಸಿದ್ಧವಾಗಿತ್ತು. ಅವಳು ಅದನ್ನು ನೋಡಿದಳು, ಕೈ ಮಾತ್ರ ಎತ್ತಲಿಲ್ಲ. ಹತ್ತು ಬಿಡಿಸಿದ್ದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು.

ನಾನು ಹೋಗಿ ಅದನ್ನು ಬಿಡಿಸಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಬಾಗಿ, ತಿರುಗಿಸಿ ತಿರುಗಿಸಿ ನೋಡಿದಳು.

"ಕಾಗದ ಮುಚ್ಚರಿ ಅಬ್ಬಾ," ಅಂದಳು. "ಇದು ಸರಿ ಐತಿ."